ಕೋಟೆಯ ಗೋಡೆ ಓದಿಸುವುದು ಹೇಗೆ? ಶಾಲಾ ಇತಿಹಾಸ ಪ್ರವಾಸಕ್ಕೆ ಒಂದು ಮಾರ್ಗದರ್ಶಿ

ನವೆಂಬರ್ ಬಂತೆಂದರೆ ಸಮಾಜ ವಿಜ್ಞಾನದ ಶಿಕ್ಷಕರಿಂದ ನನಗೆ ಬರುವ ಪ್ರಶ್ನೆ ಒಂದೇ. "ಮಕ್ಕಳನ್ನು ಯುದ್ಧ ನಡೆದ ಜಾಗಕ್ಕೆ ಕರೆದುಕೊಂಡು ಹೋಗಬೇಕು, ಯುದ್ಧ ಮಾಡುವ ರೀತಿ ಹೇಗೆ ಬದಲಾಯಿತು ಅಂತ ತೋರಿಸಬೇಕು. ಎಲ್ಲಿಗೆ ಹೋಗೋಣ? ಹೋಗಿ ಏನು ತೋರಿಸೋಣ?" ಫೋನಿನಲ್ಲಿ ಒಬ್ಬೊಬ್ಬರಿಗೆ ಹೇಳುತ್ತಿದ್ದುದನ್ನು ಈಗ ಒಂದೇ ಕಡೆ ಬರೆದಿದ್ದೇನೆ. ಎಂಟರಿಂದ ಹತ್ತನೇ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಚಿಕ್ಕ ಮಕ್ಕಳಾದರೆ ನಡಿಗೆಯನ್ನು ಅರ್ಧಕ್ಕೆ ಇಳಿಸಿ.

ಶುರುವಿಗೇ ಒಂದು ಮಾತು. ಯುದ್ಧಭೂಮಿಯಲ್ಲಿ ನೋಡಲು ಹೆಚ್ಚೇನೂ ಉಳಿದಿರುವುದಿಲ್ಲ. 1565ರ ಜನವರಿಯಲ್ಲಿ ವಿಜಯನಗರದ ಹಣೆಬರಹ ನಿರ್ಧಾರವಾದ ರಕ್ಕಸಗಿ–ತಂಗಡಗಿ ಬಯಲು ಇವತ್ತು ಕೃಷ್ಣೆಯ ದಂಡೆಯ ಹೊಲಗದ್ದೆ. ಮಕ್ಕಳನ್ನು ಅಲ್ಲಿ ಇಳಿಸಿ "ಇಲ್ಲೇ ಯುದ್ಧ ನಡೆದದ್ದು" ಎಂದರೆ ಸುತ್ತಲೂ ನೋಡಿ "ಎಲ್ಲಿ ಸಾರ್?" ಎನ್ನುತ್ತಾರೆ. ತಪ್ಪು ಅವರದಲ್ಲ. ಯುದ್ಧದ ಗುರುತು ಉಳಿಯುವುದು ಗೋಡೆಯಲ್ಲಿ. ಯಾವ ಆಯುಧಕ್ಕೆ ಹೆದರಿ ಆ ಗೋಡೆ ಕಟ್ಟಿದರು ಎಂಬುದನ್ನು ಗೋಡೆಯೇ ಹೇಳುತ್ತದೆ. ಹಾಗಾಗಿ ನನ್ನ ಸಲಹೆ: ಬಯಲಿಗಿಂತ ಮೊದಲು ಕೋಟೆಗೆ ಹೋಗಿ.

1. ಮೊದಲು ಪ್ರಶ್ನೆ, ಆಮೇಲೆ ಊರು

ಹೆಚ್ಚಿನ ಪ್ರವಾಸಗಳು ಕೆಡುವುದು ಇಲ್ಲೇ. ಊರುಗಳ ಪಟ್ಟಿ ಮೊದಲು ತಯಾರಾಗುತ್ತದೆ, ಬಸ್ ಹತ್ತಿದ ಮೇಲೆ ಏನು ಹೇಳುವುದೆಂದು ಯೋಚನೆ ಶುರುವಾಗುತ್ತದೆ. ಇದನ್ನು ತಿರುಗಿಸಿ. ಮಕ್ಕಳು ಪ್ರವಾಸದುದ್ದಕ್ಕೂ ಉತ್ತರ ಹುಡುಕಬೇಕಾದ ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ. ನಾನು ಇಟ್ಟುಕೊಳ್ಳುವುದು ಇದು: ಮದ್ದು ಬಂದ ಮೇಲೆ ಗೋಡೆಗೆ ಏನಾಯಿತು?

ಮದ್ದು ಎಂದರೆ ಇಲ್ಲಿ ಔಷಧವಲ್ಲ, ಸಿಡಿಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು ಬೆರೆಸಿದ ಪುಡಿ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ, ಯಾಕೆಂದರೆ "ಮದ್ದಿನ ಮನೆ" ಎಂದರೆ ಆಸ್ಪತ್ರೆ ಎಂದುಕೊಳ್ಳುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ.

"ಯಾರು ಗೆದ್ದರು, ಯಾರು ಸೋತರು" ಎಂಬುದನ್ನು ಮುಖ್ಯ ಪ್ರಶ್ನೆ ಮಾಡಬೇಡಿ. ಅದು ಪಠ್ಯಪುಸ್ತಕದಲ್ಲೇ ಇದೆ, ಅದಕ್ಕೆ ಬಸ್ ಬೇಕಿಲ್ಲ.

2. ಜಾಗದ ಆಯ್ಕೆ

ಒಂದು ದಿನದ ಪ್ರವಾಸಕ್ಕೆ ಒಂದೇ ಕೋಟೆ. ಎರಡು ದಿನಕ್ಕೆ ಎರಡು. ಇದಕ್ಕಿಂತ ಹೆಚ್ಚು ಸೇರಿಸಿದರೆ ಮಕ್ಕಳು ಬಸ್ಸಿನ ಸೀಟನ್ನಷ್ಟೇ ಚೆನ್ನಾಗಿ ನೋಡಿ ಬರುತ್ತಾರೆ.

ದಕ್ಷಿಣದ ಜಿಲ್ಲೆಗಳವರಿಗೆ ಶ್ರೀರಂಗಪಟ್ಟಣಕ್ಕೆ ಸಾಟಿಯಿಲ್ಲ. ಬೆಂಗಳೂರಿನಿಂದ ಸುಮಾರು 125 ಕಿಲೋಮೀಟರ್, ಮೈಸೂರಿನಿಂದ ಅರ್ಧ ಗಂಟೆ. ಫಿರಂಗಿ, ತುಪಾಕಿ (ಬಂದೂಕು), ರಾಕೆಟ್ ಮೂರರ ಕಥೆಯೂ ಒಂದೇ ದ್ವೀಪದಲ್ಲಿ ಸಿಗುತ್ತದೆ. ಮಧ್ಯ ಕರ್ನಾಟಕದವರಿಗೆ ಚಿತ್ರದುರ್ಗ.

ಉತ್ತರದವರು ವಿಜಯಪುರವನ್ನು ಆರಿಸಿಕೊಳ್ಳಿ. ಅಲ್ಲಿನ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಇದೆ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ತೋಪು, ತೂಕ ಸುಮಾರು 55 ಟನ್. ಬಾಯಿಗೆ ಸಿಂಹದ ಮುಖ, ಆ ಸಿಂಹದ ದವಡೆಯಲ್ಲಿ ಪುಟ್ಟ ಆನೆ. ಅದನ್ನು ತೋರಿಸಿ "ಇಲ್ಲಿಯವರೆಗೆ ಯುದ್ಧರಂಗದ ರಾಜ ಯಾರು?" ಎಂದು ಕೇಳಿ. ಆನೆಯ ಕಾಲ ಮುಗಿಯಿತೆಂದು ಎರಕದವನೇ ಹೇಳಿಬಿಟ್ಟಿದ್ದಾನೆ ಎಂಬುದು ಹೊಳೆದಾಗ ಮಕ್ಕಳ ಮುಖ ನೋಡಬೇಕು.

ರಾಯಚೂರು ಕೋಟೆಯನ್ನು ಶಾಲೆಗಳು ಮರೆತೇಬಿಟ್ಟಿವೆ, ಇದು ನನಗೆ ನಿಜಕ್ಕೂ ಬೇಸರದ ವಿಷಯ. 1520ರಲ್ಲಿ ಕೃಷ್ಣದೇವರಾಯ ವಿಜಯಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯವನ್ನು ಸೋಲಿಸಿ ಈ ಕೋಟೆ ಹಿಡಿದ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ ವಿವರ ಓದಿದರೆ ಕಣ್ಣಿಗೆ ಕಟ್ಟುತ್ತದೆ. ವಿಜಯನಗರದ ಸೈನಿಕರು ಹಾರೆ ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿಗೆ ಗಾತ್ರ ನೋಡಿ ಹಣ ಕೊಡುತ್ತಿದ್ದರು. ಕ್ರಿಸ್ಟೋವಾವ್ ಡಿ ಫಿಗೆರೆಡೋ ಎಂಬ ಪೋರ್ಚುಗೀಸನ ಜೊತೆ ಬಂದಿದ್ದ ತುಪಾಕಿಯವರು ಗೋಡೆಯ ಮೇಲೆ ತಲೆ ಎತ್ತಿದವರನ್ನು ಹೊಡೆದು ಬೀಳಿಸಿದ ಮೇಲೆ ಆ ಕೆಲಸ ಸಲೀಸಾಯಿತು. ಅಂದರೆ 1520ರಲ್ಲಿ ಬಂದೂಕು ಬಂದಿತ್ತು, ಆದರೆ ಗೋಡೆ ಕೆಡವಿದ್ದು ಇನ್ನೂ ಕೈಯೇ. ಇದನ್ನು ನೆನಪಿನಲ್ಲಿಡಿ, ಶ್ರೀರಂಗಪಟ್ಟಣದಲ್ಲಿ ನಿಂತಾಗ ಬೇಕಾಗುತ್ತದೆ.

ಇದೇ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲು ಇದೆ. ಅಂಥ ಕಲ್ಲನ್ನು ಕೋಣಗಳು ಬಂಡಿಯಲ್ಲಿ ಎಳೆಯುವ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಕೋಟೆ ಕಟ್ಟಲು ಬಿದ್ದ ಬೆವರು ಎಷ್ಟೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

3. ಅನುಮತಿ, ಬಸ್, ದಿನಾಂಕ

ಶಿಕ್ಷಣ ಇಲಾಖೆ ಪ್ರವಾಸದ ಬಗ್ಗೆ ಆಗಾಗ ಸುತ್ತೋಲೆ ಹೊರಡಿಸುತ್ತದೆ. ಈ ವರ್ಷದ್ದನ್ನು ಬಿಇಒ ಕಚೇರಿಯಿಂದ ತರಿಸಿಕೊಂಡು ಓದಿ, ಹೋದ ವರ್ಷದ ನೆನಪಿನ ಮೇಲೆ ಹೋಗಬೇಡಿ. ಅನುಮತಿಗೆ ಕನಿಷ್ಠ ಒಂದು ತಿಂಗಳು ಮುಂಚೆ ಅರ್ಜಿ ಕೊಡಿ. ಪೋಷಕರ ಒಪ್ಪಿಗೆ ಪತ್ರದಲ್ಲಿ ಮಗುವಿನ ಕಾಯಿಲೆ, ಅಲರ್ಜಿ, ತೆಗೆದುಕೊಳ್ಳುವ ಮಾತ್ರೆಗಳ ವಿವರಕ್ಕೆ ಜಾಗ ಇಡಿ. ಬಸ್ಸಿಗೆ ಕೆಎಸ್‌ಆರ್‌ಟಿಸಿಯ ಒಪ್ಪಂದದ ಬಸ್ಸನ್ನೇ ಕೇಳಿ. ರಾತ್ರಿ ಪ್ರಯಾಣ ಬೇಡವೇ ಬೇಡ. ಹದಿನೈದು ಮಕ್ಕಳಿಗೆ ಒಬ್ಬ ಶಿಕ್ಷಕರು, ಹೆಣ್ಣುಮಕ್ಕಳಿದ್ದರೆ ಶಿಕ್ಷಕಿ ಇರಲೇಬೇಕು.

ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ವಯಸ್ಸಿಗೆ ದಾಖಲೆ ಕೇಳಿದರೆ ಕೊಡಲು ಮುಖ್ಯೋಪಾಧ್ಯಾಯರ ಸಹಿಯಿರುವ ಪಟ್ಟಿ ಜೊತೆಗಿರಲಿ. ಈ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ದಿನಾಂಕ ಗೊತ್ತು ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ.

4. ಹೊರಡುವ ಮೊದಲಿನ ವಾರ

ಎರಡು ಪೀರಿಯಡ್ ಸಾಕು. ಒಂದರಲ್ಲಿ ಪದಗಳು, ಇನ್ನೊಂದರಲ್ಲಿ ವೀರಗಲ್ಲು.

ಪದಗಳನ್ನು ಬೋರ್ಡಿನ ಮೇಲೆ ಚಿತ್ರ ಬರೆದೇ ಹೇಳಿಕೊಡಿ. ಮುತ್ತಿಗೆ ಎಂದರೆ ಕೋಟೆಯನ್ನು ಸುತ್ತುವರಿದು ಕಾಯುವುದು. ಲಗ್ಗೆ ಎಂದರೆ ಗೋಡೆ ಹತ್ತಿ ಅಥವಾ ಒಡೆದು ನುಗ್ಗುವುದು. ಇವೆರಡನ್ನೂ ಒಂದೇ ಎಂದುಕೊಂಡವರಿಗೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ. ಕೊತ್ತಲ ಅಥವಾ ಬುರುಜು ಎಂದರೆ ಗೋಡೆಯಿಂದ ಹೊರಕ್ಕೆ ಚಾಚಿದ ಭಾಗ. ಅಲ್ಲಿ ನಿಂತರೆ ಗೋಡೆಯ ಬುಡಕ್ಕೆ ಬಂದವನನ್ನು ಪಕ್ಕದಿಂದ ಹೊಡೆಯಬಹುದು. ಕಂದಕ ಅಥವಾ ಅಗಳು ಎಂದರೆ ಸುತ್ತಲಿನ ಹಳ್ಳ. ತೆನೆ ಎಂದರೆ ಗೋಡೆಯ ತುದಿಯಲ್ಲಿ ಸಾಲಾಗಿ ನಿಂತಿರುವ ಕಲ್ಲಿನ ಮರೆ. ದಿಡ್ಡಿ ಬಾಗಿಲು ಎಂದರೆ ಬಗ್ಗಿ ಹೋಗಬೇಕಾದ ಚಿಕ್ಕ ಬಾಗಿಲು.

ವೀರಗಲ್ಲು ಮದ್ದಿಗೆ ಮುಂಚಿನ ಯುದ್ಧದ ಪಾಠ. ನಿಮ್ಮ ಊರಿನ ಕೆರೆ ಏರಿಯ ಮೇಲೋ ಹನುಮಂತನ ಗುಡಿಯ ಹಿಂದೆಯೋ ಒಂದಾದರೂ ಇರುತ್ತದೆ, ಅಲ್ಲಿಗೇ ತರಗತಿಯನ್ನು ಕರೆದೊಯ್ಯಿರಿ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಅವನು ಸೇರಿದ ಲೋಕ. ಕಾಳಗದ ಅಂಕಣದಲ್ಲಿ ಏನೇನು ಆಯುಧ ಇವೆ, ಎದುರಾಳಿ ಎಷ್ಟು ಹತ್ತಿರದಲ್ಲಿದ್ದಾನೆ ಎಂದು ಬರೆದುಕೊಳ್ಳಲಿ. ಬಿಲ್ಲು, ಕತ್ತಿ, ಗುರಾಣಿ, ಭರ್ಜಿ. ಕೊಂದವನ ಮುಖ ಸತ್ತವನಿಗೆ ಕಾಣುವಷ್ಟು ಹತ್ತಿರ. ಎಷ್ಟೋ ಕಲ್ಲುಗಳಲ್ಲಿ ಜಗಳ ನಡೆದದ್ದು ದನಗಳಿಗಾಗಿ. ಬೆಂಗಳೂರಿನವರಾದರೆ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನು ತೋರಿಸಿ. ತಕ್ಕೋಲದ ಯುದ್ಧವನ್ನು ಹೇಳುವ ಹತ್ತನೇ ಶತಮಾನದ ಆ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪೂ ಇದೆ.

5. ಪ್ರವಾಸದ ದಿನ: ಶ್ರೀರಂಗಪಟ್ಟಣದ ನಡಿಗೆ

ಬೆಳಿಗ್ಗೆ ಒಂಬತ್ತರೊಳಗೆ ತಲುಪಿ. ಪ್ರತಿ ಗುಂಪಿಗೂ ಗಂಟು ಹಾಕಿ ಅಳತೆ ಗುರುತು ಮಾಡಿದ ಹತ್ತು ಮೀಟರಿನ ಹಗ್ಗ, ಒಂದು ದಿಕ್ಸೂಚಿ, ಪೆನ್ಸಿಲ್, ರಟ್ಟಿಗೆ ಸಿಕ್ಕಿಸಿದ ಕೋಟೆಯ ನಕ್ಷೆ ಕೊಡಿ. ದರಿಯಾ ದೌಲತ್‌ನಿಂದಲೋ ಹೈದರ್, ಟಿಪ್ಪುವಿನ ಸಮಾಧಿ ಇರುವ ಗುಂಬಜ್‌ನಿಂದಲೋ ಶುರು ಮಾಡುವುದು ರೂಢಿ. ನೀವು ಹಾಗೆ ಮಾಡಬೇಡಿ. ಪಡುವಣ ತುದಿಯಿಂದ ಶುರು ಮಾಡಿ ಮೂಡಣಕ್ಕೆ ಬನ್ನಿ, ಯಾಕೆಂದರೆ 1799ರ ಮೇ 4ರಂದು ಟಿಪ್ಪು ಸುಲ್ತಾನನ ಈ ಕೋಟೆಗೆ ಬ್ರಿಟಿಷರ ಲಗ್ಗೆ ಬಂದದ್ದು ಹಾಗೆಯೇ.

*ಗೋಡೆ ಒಡೆದ ಜಾಗ.* ಕೋಟೆಯ ವಾಯವ್ಯ ಭಾಗದಲ್ಲಿ ಆ ಲಗ್ಗೆಯ ನೆನಪಿನ ಸ್ಮಾರಕ ಸ್ತಂಭ ಇದೆ. ಮಕ್ಕಳು ಮೊದಲು ನದಿಯ ಕಡೆ ತಿರುಗಿ ನಿಲ್ಲಲಿ. ಆಚೆ ದಡದಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ, ಅದರ ಜೊತೆ ಹೈದರಾಬಾದಿನ ನಿಜಾಮನ ಪಡೆ. ಮೇ ತಿಂಗಳೇ ಯಾಕೆ ಎಂದು ಕೇಳಿ. ಮಳೆಗಾಲಕ್ಕೆ ಮುಂಚೆ ಕಾವೇರಿ ಬತ್ತಿ ಬಂಡೆ ಕಾಣುತ್ತದೆ, ಇಳಿದು ದಾಟಬಹುದು. ಇನ್ನು ಕೆಲವು ವಾರ ತಡೆದಿದ್ದರೆ ನದಿಯೇ ಕೋಟೆಯನ್ನು ಕಾಯುತ್ತಿತ್ತು. 1791ರ ಮೇನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಇದೇ ಊರಿನ ಹತ್ತಿರ ಬಂದು, ಮಳೆ ಹಿಡಿದು, ದವಸವಿಲ್ಲದೆ, ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ್ದ. ಫಿರಂಗಿಯ ಯುದ್ಧ ಎಂದರೆ ಎತ್ತುಗಳ ಯುದ್ಧವೂ ಹೌದು. ಹೈದರ್ ಮತ್ತು ಟಿಪ್ಪು ಅಮೃತಮಹಲ್ ತಳಿಯ ದನಗಳನ್ನು ಅಷ್ಟು ಜತನದಿಂದ ಸಾಕಿಸಿದ್ದು ಅದಕ್ಕೇ. ಮಲೆನಾಡಿನ ಅಂಚಿನಿಂದ, ಹಾಸನ–ಚಿಕ್ಕಮಗಳೂರಿನ ಕಡೆಯಿಂದ ಬಂದ ಮಕ್ಕಳಿಗೆ ಈ ತಳಿ ಗೊತ್ತಿರುತ್ತದೆ, ಅವರಿಂದಲೇ ಹೇಳಿಸಿ.

ಈಗ ಗೋಡೆಯ ಕಡೆ ತಿರುಗಿಸಿ. ದಪ್ಪ ಅಳೆಯಲಿ, ಎತ್ತರ ಅಂದಾಜು ಮಾಡಲಿ. ಆಮೇಲೆ ಕೇಳಿ: "ಏಣಿ ತಂದವನಿಗೆ ಈ ಎತ್ತರ ಒಳ್ಳೆಯದೋ ಕೆಟ್ಟದ್ದೋ? ಫಿರಂಗಿ ತಂದವನಿಗೆ?" ಪ್ರವಾಸದ ಮುಖ್ಯ ಪಾಠ ಇಲ್ಲಿದೆ. ಬಾಣ ಮತ್ತು ಏಣಿಯ ಕಾಲದಲ್ಲಿ ಎತ್ತರವೇ ಕೋಟೆಯ ಬಲ. ಕಬ್ಬಿಣದ ಗುಂಡಿನ ಕಾಲದಲ್ಲಿ ಎತ್ತರದ ಗೋಡೆ ದೂರದಿಂದಲೇ ಕಾಣುವ ಗುರಿ. ಒಂದೇ ಜಾಗಕ್ಕೆ ಬಿಡದೆ ಹೊಡೆದರೆ ಮೇಲಿನ ಕಲ್ಲು ಕುಸಿದು, ಆ ಕಲ್ಲುರಾಶಿಯೇ ಹತ್ತುವವನಿಗೆ ಮೆಟ್ಟಿಲಾಗುತ್ತದೆ. 1520ರ ರಾಯಚೂರಿನಲ್ಲಿ ಹಾರೆ ಹಿಡಿದವನು ಕಲ್ಲು ಕಿತ್ತ. 1799ರಲ್ಲಿ ನದಿಯಾಚೆಯ ಫಿರಂಗಿ ಕೆಲವೇ ದಿನಗಳಲ್ಲಿ ದಾರಿ ಬಿಡಿಸಿತು. ಈ ಹೋಲಿಕೆಯನ್ನು ನೀವು ಹೇಳಿಬಿಡಬೇಡಿ, ಮಕ್ಕಳ ಬಾಯಿಂದಲೇ ಬರುವವರೆಗೆ ಕಾಯಿರಿ. ಹತ್ತು ನಿಮಿಷ ಹೋದರೂ ಹೋಗಲಿ.

*ಗೋಡೆಗುಂಟ.* ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಬಿಸಿಲು ಏರಿದ ಹೊತ್ತಿನಲ್ಲಿ, ಡೇವಿಡ್ ಬೇರ್ಡ್‌ನ ನೇತೃತ್ವದಲ್ಲಿ ಲಗ್ಗೆ ಶುರುವಾಯಿತು. ಒಳಬಂದವರು ಎರಡು ದಳವಾಗಿ ಒಂದು ಉತ್ತರದ ಗೋಡೆಗುಂಟ, ಒಂದು ದಕ್ಷಿಣದ ಗೋಡೆಗುಂಟ ಹೊರಟರು. ನಕ್ಷೆಯ ಮೇಲೆ ಎರಡು ಬಣ್ಣದಲ್ಲಿ ಗೆರೆ ಎಳೆಯಲಿ. ನೀವು ಉತ್ತರದ ದಾರಿ ಹಿಡಿದು ನಡೆಯಿರಿ, ಪ್ರತಿರೋಧ ಹೆಚ್ಚಿದ್ದದ್ದು ಆ ಕಡೆ. ಗುಂಡು ಹಾರಿಸುವ ಕಿಂಡಿ ಕಂಡಲ್ಲಿ ನಿಲ್ಲಿ, ಒಬ್ಬೊಬ್ಬರೇ ಕಣ್ಣಿಟ್ಟು ನೋಡಲಿ. ಹೋದ ಸಲ ಒಬ್ಬ ಹುಡುಗಿ ಕಿಂಡಿಯಿಂದ ಕಣ್ಣು ತೆಗೆಯದೇ "ನನಗೆ ಅಷ್ಟೂ ಕಾಣ್ತಿದೆ, ಅಲ್ಲಿರೋರಿಗೆ ನಾನು ಕಾಣಲ್ಲ" ಎಂದಳು. ಕಿಂಡಿಯ ಬಗ್ಗೆ ಅದಕ್ಕಿಂತ ಹೆಚ್ಚು ನಾನು ಏನನ್ನೂ ಹೇಳಬೇಕಾಗಲಿಲ್ಲ.

*ಬೇಲಿ ಸೆರೆಮನೆ.* ಇಟ್ಟಿಗೆಯ ಕಮಾನಿನ ನೆಲಮಾಳಿಗೆ. ಗೋಡೆಯ ಕಲ್ಲುಗಳಲ್ಲಿ ಸರಪಳಿ ಕಟ್ಟುವ ತೂತುಗಳಿವೆ. ಮೇಲಿನಿಂದ ಚಾವಣಿ ಮುರಿದು ಬಿದ್ದ ಫಿರಂಗಿಯೂ ಒಳಗೇ ಇದೆ. ಮೈಸೂರಿನವರು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಇಂಗ್ಲಿಷ್ ಕರ್ನಲ್ ಬೇಲಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಅದೇ ಯುದ್ಧದಲ್ಲಿ ಸೆರೆಯಾಗಿ ಈ ಊರಿನಲ್ಲಿ ವರ್ಷಗಟ್ಟಲೆ ಇದ್ದವನು ಬೇರ್ಡ್; 1799ರಲ್ಲಿ ಲಗ್ಗೆಯ ಮುಂದಾಳಾಗಿ ಬಂದವನೂ ಅವನೇ.

*ನೀರು ಬಾಗಿಲು ಮತ್ತು ಟಿಪ್ಪು ಬಿದ್ದ ಜಾಗ.* ಇಲ್ಲಿ ಹೆಚ್ಚು ಮಾತು ಬೇಡ. ಎರಡು ನಿಮಿಷ ಸುಮ್ಮನೆ ನಿಲ್ಲಿಸಿ. ರಾಜನೇ ಗೋಡೆಯ ಬಳಿ ಬಂದೂಕು ಹಿಡಿದು ಹೋರಾಡಿ, ಸತ್ತವರ ರಾಶಿಯಲ್ಲಿ ಸಿಕ್ಕ ಜಾಗ ಅದು. ಆ ದಿನ ಸತ್ತವರಲ್ಲಿ ಹೆಸರಿಲ್ಲದ ಸಾವಿರಾರು ಸಿಪಾಯಿಗಳೂ ಇದ್ದರು ಎಂದು ಹೇಳಲು ಮರೆಯಬೇಡಿ. ಯುದ್ಧದ ಪ್ರವಾಸ ಸಾವನ್ನು ಮರೆಸುವಂತಾಗಬಾರದು.

*ಊಟ, ಆಮೇಲೆ ದರಿಯಾ ದೌಲತ್.* 1784ರ ಈ ಅರಮನೆಯ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರಿನ ದೊಡ್ಡ ಚಿತ್ರ ಇದೆ. ಸುಮ್ಮನೆ ನೋಡಿಕೊಂಡು ಹೋಗಲು ಬಿಡಬೇಡಿ, ಹುಡುಕಲು ಕೆಲಸ ಕೊಡಿ: ಪಲ್ಲಕ್ಕಿಯಲ್ಲಿ ಕುಳಿತ ಬೇಲಿ ಎಲ್ಲಿ? ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ ಲಾಲಿ ಎಲ್ಲಿ? ಬೆಂಕಿ ಹತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲಿ? ಕೆಂಪು ಅಂಗಿಯವರು ಯಾಕೆ ಚೌಕಾಕಾರವಾಗಿ ನಿಂತಿದ್ದಾರೆ? ನಾಲ್ಕೂ ಕಡೆಯಿಂದ ಕುದುರೆ ನುಗ್ಗಿದರೆ ತುಪಾಕಿಯವರಿಗೆ ಅದೊಂದೇ ರಕ್ಷಣೆ. ಆನೆ, ಕುದುರೆ, ಕತ್ತಿ, ತುಪಾಕಿ, ಫಿರಂಗಿ ಎಲ್ಲವೂ ಒಂದೇ ಚಿತ್ರದಲ್ಲಿ. ಹೊಸ ಆಯುಧ ಬಂದ ಕೂಡಲೇ ಹಳೆಯದು ಮಾಯವಾಗುವುದಿಲ್ಲ ಎಂಬುದಕ್ಕೆ ಈ ಗೋಡೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ರಾಕೆಟ್ಟಿನ ಮಾತನ್ನು ಇಲ್ಲೇ ತೆಗೆಯಿರಿ. ಮೈಸೂರಿನವರ ಹೊಸತನ ಇದ್ದದ್ದು ಕೊಳವೆಯಲ್ಲಿ. ಬೇರೆಯವರು ಕಾಗದ, ಬಿದಿರಿನ ಕೊಳವೆಗೆ ಮದ್ದು ತುಂಬುತ್ತಿದ್ದರೆ ಇವರು ಕಬ್ಬಿಣದ್ದಕ್ಕೆ ತುಂಬಿದರು. ಒತ್ತಡ ಹೆಚ್ಚು ತಡೆಯುತ್ತದೆ, ಹೆಚ್ಚು ದೂರ ಹಾರುತ್ತದೆ. ಇಲ್ಲಿ ಸಿಕ್ಕ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದು ಪರೀಕ್ಷಿಸಿದರು. ಅದರ ಬೆನ್ನಿಗೇ ವಿಲಿಯಂ ಕಾಂಗ್ರಿವ್ ತನ್ನ ರಾಕೆಟ್ ತಯಾರಿಸಿದ. ಶಿವಮೊಗ್ಗದ ಕಡೆಯವರಿಗೆ ಇನ್ನೂ ಹತ್ತಿರದ ಸಾಕ್ಷಿ ಇದೆ: 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು.

ಗುಂಬಜ್‌ಗೆ ಸಮಯ ಉಳಿದರೆ ಹೋಗಿ, ಉಳಿಯದಿದ್ದರೆ ಬಿಡಿ.

6. ಎರಡು ದಿನ ಇದ್ದರೆ ಚಿತ್ರದುರ್ಗ

ಶ್ರೀರಂಗಪಟ್ಟಣದ ಮುಂಚೆಯೇ ಚಿತ್ರದುರ್ಗ ತೋರಿಸಿ. ಏಳು ಸುತ್ತಿನ ಕೋಟೆಯಲ್ಲಿ ನೇರ ದಾರಿ ಎಂಬುದೇ ಇಲ್ಲ. ಬಾಗಿಲು ದಾಟಿದರೆ ಎದುರಿಗೆ ಗೋಡೆ, ತಿರುಗಿದರೆ ಇನ್ನೊಂದು ಬಾಗಿಲು. ಆನೆ ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗವೇ ಸಿಗದು. ಒಂದು ಬಾಗಿಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ, "ಓಡಿ ಬಂದರೆ ಎಷ್ಟು ಹೆಜ್ಜೆ ಸಿಗುತ್ತದೆ?" ಎಂದು ಎಣಿಸಲು ಹೇಳಿ. ನಿಜವಾಗಿ ಓಡಿಸಬೇಡಿ, ಕಲ್ಲು ನುಣುಪಾಗಿದೆ.

ಮದ್ದು ಬೀಸುವ ದೊಡ್ಡ ಕಲ್ಲುಗಳು ಇಲ್ಲಿವೆ. ಹಳೆಯ ಬಗೆಯ ಕೋಟೆಯೊಳಗೇ ಹೊಸ ಯುದ್ಧದ ಅಡುಗೆಮನೆ ಇದ್ದಂತೆ. ಓಬವ್ವನ ಕಿಂಡಿಗೆ ಹೋದಾಗ ಕಥೆಯನ್ನು ಮಕ್ಕಳೇ ಹೇಳುತ್ತಾರೆ, ನೀವು ಅಳತೆ ಕೇಳಿ. ಒಂದು ಸಲಕ್ಕೆ ಒಬ್ಬನೇ, ಅದೂ ಬಗ್ಗಿಕೊಂಡು ತೂರಬೇಕಾದ ಜಾಗ. ಒನಕೆ ಹಿಡಿದ ಒಬ್ಬಳು ಒಂದು ದಂಡನ್ನು ತಡೆಯುವುದು ಹೇಗೆ ಎಂಬುದು ಆ ಸಂದಿಯ ಅಗಲದಿಂದಲೇ ತಿಳಿಯುತ್ತದೆ. ಹೈದರಾಲಿ ಹಲವು ಸಲ ಪ್ರಯತ್ನಿಸಿ 1779ರಲ್ಲಿ ಕೋಟೆ ಹಿಡಿದ. ಬಂಡೆಗಳ ನಡುವೆ ಫಿರಂಗಿ ಏರಿಸುವುದು ಎಷ್ಟು ಕಷ್ಟ ಎಂದು, ಹತ್ತಿ ಸುಸ್ತಾದ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

7. ಎಚ್ಚರ ತಪ್ಪುವ ಕಡೆಗಳು

ಶ್ರೀರಂಗಪಟ್ಟಣದ ಕೋಟೆಯೊಳಗೇ ರೈಲು ಹಳಿ ಹಾದುಹೋಗಿದೆ. ಹಳಿ ದಾಟುವ ದಾರಿಯನ್ನು ಹಿಂದಿನ ದಿನವೇ ನೋಡಿ ಬನ್ನಿ. ನದಿಗೆ ಇಳಿಯಲು ಯಾರಿಗೂ, "ಕಾಲು ಮಾತ್ರ ತೊಳ್ಕೋತೀನಿ ಮಿಸ್" ಎನ್ನುವವರಿಗೂ, ಬಿಡಬೇಡಿ. ಸುಳಿ ಇದೆ, ಆ ನೀರಿನಲ್ಲಿ ಮೊಸಳೆಗಳೂ ಇವೆ. ಗೋಡೆಯ ಅಂಚಿನಲ್ಲಿ ನಿಂತು ಸೆಲ್ಫಿ ಬೇಡ. ಬಂಡೆಗಳಲ್ಲಿ ಹೆಜ್ಜೇನು ಇದ್ದರೆ ಕಿರುಚಾಟ, ಕಲ್ಲೆಸೆತ ಬೇಡ.

ಇನ್ನೊಂದು ಎಚ್ಚರ ಇದಕ್ಕಿಂತ ದೊಡ್ಡದು. ಯುದ್ಧ ಎಂದ ಕೂಡಲೇ ಮಕ್ಕಳು "ನಮ್ಮವರು", "ಅವರು" ಎಂದು ಶುರು ಮಾಡುತ್ತಾರೆ, ಕೆಲವೊಮ್ಮೆ ತರಗತಿಯ ಗೆಳೆಯನ ಮುಖ ನೋಡಿಕೊಂಡೇ. ಗದರಬೇಡಿ, ಸೈನ್ಯದಲ್ಲಿ ಯಾರಿದ್ದರು ಎಂದು ತೋರಿಸಿ. ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸರು ಗುಂಡು ಹಾರಿಸಿದರು. ಅದಕ್ಕೂ ಮುಂಚೆ ಎರಡನೇ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೈನ್ಯಕ್ಕೆ ಸೇರಿಸಿಕೊಂಡಿದ್ದ. 1792ರಲ್ಲಿ ಟಿಪ್ಪುವಿನ ಎದುರು ಇಂಗ್ಲಿಷರ ಜೊತೆ ಮರಾಠರೂ ನಿಜಾಮನೂ ಇದ್ದರು. ಟಿಪ್ಪುವಿನ ಬಗ್ಗೆ ಮನೆಗಳಲ್ಲಿ ಬೇರೆ ಬೇರೆ ಮಾತು ನಡೆಯುತ್ತದೆ. ಮಗು ಕೇಳಿದರೆ ನುಣುಚಿಕೊಳ್ಳಬೇಡಿ. "ಅದಕ್ಕೆ ಶಾಲೆಯಲ್ಲಿ ಒಂದು ಪೂರ್ತಿ ಪೀರಿಯಡ್ ಇಟ್ಟುಕೊಳ್ಳೋಣ" ಎಂದು ಹೇಳಿ, ಹೇಳಿದಂತೆ ಇಟ್ಟುಕೊಳ್ಳಿ.

8. ಮರಳಿದ ಮೇಲೆ

"ನನ್ನ ಪ್ರವಾಸ" ಪ್ರಬಂಧ ಬರೆಸಬೇಡಿ. ಬೆಳಿಗ್ಗೆ ಐದಕ್ಕೆ ಎದ್ದೆ ಎಂದು ಶುರುವಾಗಿ ಇಡ್ಲಿಯಲ್ಲೇ ಮುಗಿಯುತ್ತದೆ. ಬದಲಿಗೆ ಆಟದ ಮೈದಾನಕ್ಕೆ ಒಂದು ಚೀಲ ಸುಣ್ಣದ ಪುಡಿ ತರಿಸಿ. ಗೋಡೆಯ ದಪ್ಪ, ಬಾಗಿಲಿನ ಮುಂದಿನ ಜಾಗ, ಓಬವ್ವನ ಕಿಂಡಿಯ ಅಗಲ, ಮಕ್ಕಳು ಹಗ್ಗದಲ್ಲಿ ಅಳೆದು ತಂದದ್ದೆಲ್ಲವನ್ನೂ ನೆಲದ ಮೇಲೆ ಅದೇ ಅಳತೆಯಲ್ಲಿ ಗೆರೆ ಎಳೆಯಲಿ. ಪ್ರವಾಸಕ್ಕೆ ದುಡ್ಡು ಹೊಂದಿಸಲಾಗದೆ ಮನೆಯಲ್ಲೇ ಉಳಿದ ಮಕ್ಕಳು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಅವರನ್ನು ಆ ಗೆರೆಗಳ ಒಳಗೆ ಕರೆದುಕೊಂಡು ಹೋಗಿ ವಿವರಿಸುವ ಕೆಲಸವನ್ನು ಹೋಗಿಬಂದವರಿಗೆ ಒಪ್ಪಿಸಿ.